ಬೀಳುವುದು ಸುಳ್ಳಲ್ಲ

ಈಚೆಗೆ ಒಂದು ಮಧ್ಯಾಹ್ನ, ಪ್ರಯೋಗಶಾಲೆಯ ಕೆಲಸ ಮುಗಿದ ಮೇಲೆ, ನಮ್ಮ ವಿದ್ಯಾರ್ಥಿಗಳಲ್ಲಿ ನಾಲ್ಕೈದು ಮಂದಿ ಒಂದು ಮೊಬೈಲನ್ನು ನಡುವೆ ಇಟ್ಟುಕೊಂಡು ಗುಂಪುಗೂಡಿದ್ದುದನ್ನು ಕಂಡೆವು. ಅವರು ನೋಡುತ್ತಿದ್ದುದು ಅಮೆರಿಕದ ವೃತ್ತಿ ಕುಸ್ತಿಯ ಒಂದು ಪಂದ್ಯ. 2025ರ ಸೆಪ್ಟೆಂಬರ್ 20ರಂದು ಇಂಡಿಯಾನಾಪೊಲಿಸ್ ನಗರದಲ್ಲಿ ನಡೆದುದು. ಕಣದಲ್ಲಿದ್ದ ನಾಲ್ವರಲ್ಲಿ ಒಬ್ಬಾಕೆ ಐದಡಿ ಎರಡಂಗುಲ ಎತ್ತರದ ಸಣ್ಣ ಮೈಕಟ್ಟಿನ ಹೆಂಗಸು. ಹತ್ತು ವರ್ಷ ಕುಸ್ತಿ ಬಿಟ್ಟಿದ್ದು ತಮ್ಮ ಮೂವತ್ತೆಂಟನೆಯ ವಯಸ್ಸಿನಲ್ಲಿ ಮರಳಿ ಬಂದವರು. ಹೆಸರು ಏಪ್ರಿಲ್ ಜೀನೆಟ್ ಮೆಂಡೆಸ್, ಕಣದಲ್ಲಿ ಎ. ಜೆ. ಲೀ.

“ಇದೆಲ್ಲಾ ನಾಟಕ ಸಾರ್, ಯಾರು ಗೆಲ್ಲಬೇಕು ಅಂತ ಮೊದಲೇ ಮಾತಾಡಿಕೊಂಡಿರ್ತಾರೆ” ಎಂದು ಒಬ್ಬ ನಮಗೆ ತಿಳಿಸಿದನು. ಇನ್ನೊಬ್ಬನಿಗೆ ಸಂದೇಹ: “ಬೀಳೋದೂ ನಾಟಕಾನಾ?”

ಪ್ರಶ್ನೆ ಭೌತಶಾಸ್ತ್ರಕ್ಕೆ ಸೇರಿದ್ದಾದುದರಿಂದ ನಾವು ಸೀಮೆಸುಣ್ಣ ಕೈಗೆತ್ತಿಕೊಂಡೆವು. ವೃತ್ತಿ ಕುಸ್ತಿ ನಮ್ಮ ಗರಡಿಯ ಕುಸ್ತಿಯಲ್ಲ. ಮೈಸೂರಿನ ದಸರೆಯಲ್ಲಿ ಮಟ್ಟಿಯ ಮೇಲೆ ಇಳಿಯುವ ಪೈಲ್ವಾನರ ಸೋಲುಗೆಲುವು ಅಲ್ಲಿಯೇ ತೀರ್ಮಾನವಾಗತಕ್ಕದ್ದು. ಅಮೆರಿಕದ ಈ ಆಟದಲ್ಲಾದರೋ ಫಲಿತಾಂಶವನ್ನು ಬರಹಗಾರರು ಮೊದಲೇ ಬರೆದಿರುತ್ತಾರೆ. ಒಬ್ಬನಿಗೆ ಸಜ್ಜನನ ಪಾತ್ರ, ಒಬ್ಬನಿಗೆ ದುರ್ಜನನ ಪಾತ್ರ. ಅಷ್ಟರ ಮಟ್ಟಿಗೆ ಅದು ಬಯಲಾಟವೇ ಸರಿ. ಆದರೆ ಗುರುತ್ವಾಕರ್ಷಣೆ ಬರಹಗಾರರ ಮಾತು ಕೇಳುವುದಿಲ್ಲ. ಒಂದು ಮೀಟರು ಎತ್ತರದಿಂದ ಬಿದ್ದ ದೇಹ ನೆಲವನ್ನು ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 4.4 ಮೀಟರು, ಎಂದರೆ ಗಂಟೆಗೆ 16 ಕಿಲೋಮೀಟರಿನಷ್ಟು. ಈ ವೇಗ 1 ಸೆಂಟಿಮೀಟರು ದೂರದೊಳಗೆ ಇಲ್ಲವಾಗಬೇಕಾದರೆ ದೇಹದ ಮೇಲೆ ಬೀಳುವ ಬಲ ಅದರ ತೂಕದ ಸುಮಾರು ನೂರರಷ್ಟು. ನೆಲ ಸ್ವಲ್ಪ ಬಾಗಿ, 5 ಸೆಂಟಿಮೀಟರು ದೂರದಲ್ಲಿ ವೇಗ ಇಲ್ಲವಾದರೆ ಬಲ ಸುಮಾರು ಇಪ್ಪತ್ತರಷ್ಟಕ್ಕೆ ಇಳಿಯುತ್ತದೆ. ಉಕ್ಕಿನ ತೊಲೆಗಳ ಮೇಲೆ ಹಲಗೆ, ಹಲಗೆಯ ಮೇಲೆ ತೆಳುವಾದ ಮೆತ್ತೆ, ಅದರ ಮೇಲೆ ದಪ್ಪ ಬಟ್ಟೆ, ಹೀಗೆ ಕಣವನ್ನು ಕಟ್ಟುವುದು ಈ ಕಾರಣಕ್ಕೆ. ಕುಸ್ತಿಗಾರರು ಗದ್ದವನ್ನು ಎದೆಗೆ ಒತ್ತಿ, ಬೆನ್ನನ್ನೂ ತೋಳುಗಳನ್ನೂ ಒಮ್ಮೆಗೇ ನೆಲಕ್ಕೆ ಬಡಿದು, ಬಲವನ್ನು ಆದಷ್ಟು ಹೆಚ್ಚು ಜಾಗಕ್ಕೆ ಹಂಚುತ್ತಾರೆ. ಇದೊಂದು ವಿದ್ಯೆ, ಕಲಿಯಲು ತಿಂಗಳುಗಟ್ಟಲೆ ಬೇಕು. ಬಲ ಹಂಚಿಹೋಗುತ್ತದೆಯೇ ಹೊರತು ಮಾಯವಾಗುವುದಿಲ್ಲ. ಕುತ್ತಿಗೆಯ ಮೂಳೆಗಳಿಗೆ ಆದ ಶಾಶ್ವತವಾದ ಗಾಯ ತಮ್ಮ ನಿವೃತ್ತಿಗೆ ಒಂದು ಕಾರಣವೆಂದು ಮೆಂಡೆಸ್ ಅವರೇ ಮುಂದೆ ಹೇಳಿಕೊಂಡರು.

ಹುಡುಗರು ಲೆಕ್ಕವನ್ನು ಬರೆದುಕೊಂಡು ಹೊರಟರು. ಒಬ್ಬ ಮಾತ್ರ ಉಳಿದನು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರಿಗೆ ಬೈಪೋಲಾರ್ ಕಾಯಿಲೆ ಇದೆಯಂತೆ ಸಾರ್. ಅವರ ತಾಯಿಗೂ ಇತ್ತಂತೆ. ತಾಯಿಗಿದ್ದರೆ ಮಕ್ಕಳಿಗೆ ಬಂದೇ ಬರುತ್ತಾ?” ಎಂದು ಕೇಳಿದನು.

ಅವನ ಮನೆಯ ವಿಷಯವನ್ನು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ. ಇದು ಕಪ್ಪುಹಲಗೆಯ ಮೇಲೆ ಒಡನೆಯೇ ಬಿಡಿಸಬಹುದಾದ ಲೆಕ್ಕವಾಗಿರಲಿಲ್ಲ. ಒಂದು ವಾರದ ಅವಕಾಶ ಕೇಳಿದೆವು. ಆ ವಾರದಲ್ಲಿ ನಾವು ಓದಿದುದೂ, ಮನೋವೈದ್ಯರಾದ ಮಿತ್ರರೊಬ್ಬರಿಂದ ಕೇಳಿ ತಿದ್ದಿಕೊಂಡುದೂ ಈ ಲೇಖನದ ಸಾಮಗ್ರಿ.

ಮೊದಲು ಆಕೆಯ ಕಥೆ. ಮೆಂಡೆಸ್ ಹುಟ್ಟಿದುದು 1987ರ ಮಾರ್ಚ್ 19ರಂದು, ನ್ಯೂಯಾರ್ಕಿಗೆ ಹೊಳೆಯಾಚೆಯ ನೆರೆಯಾದ ನ್ಯೂಜೆರ್ಸಿಯ ಯೂನಿಯನ್ ಸಿಟಿಯಲ್ಲಿ. ಪೋರ್ಟೊರಿಕೊ ಮೂಲದ ಬಡ ಕುಟುಂಬ. ತಂದೆತಾಯಿಗಳು ತೀರ ಎಳೆಯ ವಯಸ್ಸಿನಲ್ಲಿಯೇ ಸಂಸಾರ ಹೂಡಿದವರು. ಬಾಡಿಗೆ ಕೊಡಲಾಗದೆ ಮನೆಯಿಂದ ಮನೆಗೆ ಸಾಗುವುದು ಆ ಸಂಸಾರಕ್ಕೆ ವಾಡಿಕೆಯಾಗಿತ್ತು. ಕೆಲವು ಕಾಲ ರಸ್ತೆಬದಿಯ ವಸತಿಗೃಹಗಳಲ್ಲಿ, ಕೆಲವು ರಾತ್ರಿ ಕಾರಿನೊಳಗೇ ವಾಸ. ಮನೆಯಲ್ಲಿ ಮಾದಕ ವಸ್ತುಗಳ ಪಿಡುಗು. ಇದರ ಜೊತೆಗೆ ತಾಯಿಯ ಮನಸ್ಸಿನ ಏರಿಳಿತ. ಒಂದು ದಿನ ಕಂಡ ತಾಯಿ ಮರುದಿನವೂ ಅದೇ ತಾಯಿಯಾಗಿರುವಳೆಂಬ ಭರವಸೆ ಮಕ್ಕಳಿಗೆ ಇರಲಿಲ್ಲ. ಆ ಏರಿಳಿತಕ್ಕೆ ಒಂದು ಹೆಸರುಂಟು, ಔಷಧವುಂಟು ಎಂಬುದು ಮನೆಯವರಿಗೆ ತಿಳಿದುದು ಬಹಳ ತಡವಾಗಿ.

ಆ ಮನೆಯಲ್ಲಿ ಹುಡುಗಿ ಅಣ್ಣನ ಪಕ್ಕದಲ್ಲಿ ಕುಳಿತು ದೂರದರ್ಶನದಲ್ಲಿ ಕುಸ್ತಿ ನೋಡುತ್ತಿದ್ದಳು. ಚಿತ್ರಕಥೆಯ ಪುಸ್ತಕ ಓದುತ್ತಿದ್ದಳು. ಆ ಕಾಲದ ಹೆಸರಾಂತ ಮಹಿಳಾ ಕುಸ್ತಿಪಟು ಲೀಟಾ ಅವರ ಹಸ್ತಾಕ್ಷರ ಪಡೆಯಲು ಸಾಲಿನಲ್ಲಿ ನಿಂತು, ಎದುರಿಗೆ ಬಂದಾಗ ಅತ್ತುಬಿಟ್ಟಳು. ಅಂದಿನ ಚಿತ್ರವೊಂದು ಉಳಿದಿದೆ. ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಚಲನಚಿತ್ರ ಕಲೆಯನ್ನು ಕಲಿಯಲು ಸೇರಿದ್ದೂ ಉಂಟು. ಮನೆಯ ತೊಂದರೆಗಳಿಂದ ಆರು ತಿಂಗಳಿಗೇ ಬಿಡಬೇಕಾಯಿತು. 2007ರಲ್ಲಿ ನ್ಯೂಜೆರ್ಸಿಯ ಒಂದು ಕುಸ್ತಿ ಶಾಲೆಗೆ ಸೇರಿದರು. ಮನೋವೈದ್ಯರು ಆಕೆಗೂ ತಾಯಿಯ ಕಾಯಿಲೆಯೇ ಇದೆಯೆಂದು ನಿರ್ಧರಿಸಿದುದು ಇಪ್ಪತ್ತರ ಆಸುಪಾಸಿನ ಆ ವರ್ಷಗಳಲ್ಲಿಯೇ.

ಈಗ ಕಾಯಿಲೆಯ ವಿಚಾರ. ಕನ್ನಡದಲ್ಲಿ ಇದನ್ನು ದ್ವಿಧ್ರುವ ಮನೋವ್ಯಾಧಿ ಎನ್ನುವರು. ಹಳೆಯ ಪುಸ್ತಕಗಳಲ್ಲಿ ಉನ್ಮಾದ-ಖಿನ್ನತೆಯ ವ್ಯಾಧಿ ಎಂದಿದೆ. ನಮ್ಮ ಮಟ್ಟಿಗೆ ಆ ಹಳೆಯ ಹೆಸರೇ ವಿಷಯವನ್ನು ಹೆಚ್ಚು ಸ್ಪಷ್ಟವಾಗಿ ಹೇಳುತ್ತದೆ. ಉನ್ಮಾದದ ಅವಸ್ಥೆ ಬಂದಾಗ ಮನುಷ್ಯನಿಗೆ ನಿದ್ರೆ ಬೇಡವಾಗುತ್ತದೆ. ಎರಡು ಮೂರು ಗಂಟೆ ಮಲಗಿ ಎದ್ದರೂ ದಣಿವಿಲ್ಲ. ಮಾತು ತಡೆಯಿಲ್ಲದೆ ಹರಿಯುತ್ತದೆ. ಒಂದು ಯೋಚನೆ ಮುಗಿಯುವ ಮೊದಲೇ ಇನ್ನೊಂದು ನುಗ್ಗುತ್ತದೆ. ಕೈಯಲ್ಲಿಲ್ಲದ ಹಣವನ್ನು ಖರ್ಚು ಮಾಡುವುದು, ತನ್ನಿಂದ ಆಗದ ಕೆಲಸವಿಲ್ಲವೆಂಬ ಭಾವನೆ, ತಡೆದವರ ಮೇಲೆ ರೇಗಾಟ. ಇಂತಹ ಸ್ಥಿತಿ ಕನಿಷ್ಠ ಒಂದು ವಾರ ಎಡೆಬಿಡದೆ ಇದ್ದರೆ ವೈದ್ಯರು ಅದನ್ನು ಉನ್ಮಾದವೆಂದು ಎಣಿಸುತ್ತಾರೆ. ಇಷ್ಟು ತೀವ್ರವಲ್ಲದ, ನಾಲ್ಕು ದಿನಗಳಷ್ಟಾದರೂ ಇರುವ ಲಘು ಉನ್ಮಾದವೂ ಉಂಟು. ಖಿನ್ನತೆಯ ಅವಸ್ಥೆ ಇದಕ್ಕೆ ವಿರುದ್ಧ: ವಾರಗಟ್ಟಲೆ, ತಿಂಗಳುಗಟ್ಟಲೆ ಏಳಲಾರದಂತಹ ಭಾರ, ಉಣ್ಣುವುದರಲ್ಲಿ ರುಚಿಯಿಲ್ಲ, ಬದುಕುವುದರಲ್ಲಿಯೂ ರುಚಿಯಿಲ್ಲ. ಈ ಕಾಯಿಲೆಯವರಲ್ಲಿ ಆತ್ಮಹತ್ಯೆಯ ಅಪಾಯ ಇತರರಿಗಿಂತ ಅನೇಕ ಪಟ್ಟು ಹೆಚ್ಚೆಂಬುದನ್ನು ಮುಚ್ಚಿಡುವುದರಿಂದ ಯಾರಿಗೂ ಲಾಭವಿಲ್ಲ.

ಎರಡು ಅವಸ್ಥೆಗಳೂ ಒಂದೇ ಕಾಯಿಲೆಯ ಎರಡು ಮುಖಗಳೆಂಬುದನ್ನು 1850ರ ದಶಕದಲ್ಲಿ ಪ್ಯಾರಿಸಿನ ವೈದ್ಯರಾದ ಫಾಲ್ರೆ ಮತ್ತು ಬೈಯಾರ್ಜೆ ಸ್ಪಷ್ಟಪಡಿಸಿದರು. ಮೊದಲು ಕಂಡವರು ಯಾರೆಂಬ ವಿಷಯದಲ್ಲಿ ಇಬ್ಬರಿಗೂ ಜಗಳವಾಯಿತು! ಉನ್ಮಾದ-ಖಿನ್ನತೆ ಎಂಬ ವರ್ಗೀಕರಣವನ್ನು ಜರ್ಮನಿಯ ಕ್ರೆಪೆಲಿನ್ 1899ರಲ್ಲಿ ನೆಲೆಗೊಳಿಸಿದರು. ‘ಎರಡು ಧ್ರುವ’ಗಳ ಮಾತನ್ನು ಚಲಾವಣೆಗೆ ತಂದವರು 1957ರಲ್ಲಿ ಕಾರ್ಲ್ ಲಿಯೊನ್‌ಹಾರ್ಡ್, ಅಮೆರಿಕದ ವೈದ್ಯರ ಅಧಿಕೃತ ಪಟ್ಟಿಯಲ್ಲಿ ಅದು ಸೇರಿದುದು 1980ರಲ್ಲಿ.

ಧ್ರುವಗಳ ಈ ಉಪಮೆಯ ವಿಷಯದಲ್ಲಿ ಭೌತಶಾಸ್ತ್ರದವರಾದ ನಮ್ಮದೊಂದು ತಕರಾರುಂಟು. ಧ್ರುವವೆಂದೊಡನೆ ನಮಗೆ ನೆನಪಾಗುವುದು ಕಾಂತ. ಅದರ ಒಂದು ತುದಿ ಉತ್ತರವಾದರೆ ಅದೇ ತುದಿ ದಕ್ಷಿಣವಾಗಿರಲಾರದು. ಈ ಕಾಯಿಲೆಯಲ್ಲಾದರೋ ಉನ್ಮಾದದ ಚಡಪಡಿಕೆಯೂ ಖಿನ್ನತೆಯ ಕತ್ತಲೂ ಒಂದೇ ಹೊತ್ತಿನಲ್ಲಿ ಕೂಡಿರುವುದುಂಟು, ಮತ್ತು ಅದು ಬಹಳ ಅಪಾಯದ ಹೊತ್ತು. ಲೋಲಕದ ಉಪಮೆಯೂ ಸರಿಹೋಗುವುದಿಲ್ಲ. ಲೋಲಕ ಎಡಕ್ಕೆ ಹೋದಷ್ಟೇ ಬಲಕ್ಕೂ ಹೋಗುತ್ತದೆ, ಗೊತ್ತಾದ ಕಾಲದಲ್ಲಿ ಮರಳುತ್ತದೆ. ರೋಗಿಯ ಮನಸ್ಸಿಗೆ ಅಂತಹ ಗೊತ್ತಾದ ಆವರ್ತನ ಕಾಲವಿಲ್ಲ. ಎರಡು ಏರಿಳಿತಗಳ ನಡುವೆ ವರ್ಷಗಟ್ಟಲೆ ಸಮಸ್ಥಿತಿ ಇರಬಹುದು. ಒಟ್ಟು ಕಾಲವನ್ನು ಲೆಕ್ಕಹಾಕಿದರೆ ಉನ್ಮಾದದಲ್ಲಿ ಕಳೆಯುವುದಕ್ಕಿಂತ ಸುಮಾರು ಮೂರು ಪಟ್ಟು ಕಾಲ ಖಿನ್ನತೆಯಲ್ಲಿ ಕಳೆಯುತ್ತದೆ. ಜನರ ಕಣ್ಣಿಗೆ ಬೀಳುವುದು ಉನ್ಮಾದದ ಗದ್ದಲ. ರೋಗಿ ಬಾಳುವುದು ಹೆಚ್ಚಾಗಿ ಖಿನ್ನತೆಯ ಮೌನದಲ್ಲಿ. ಆದುದರಿಂದಲೇ ಬಹುಮಂದಿ ವೈದ್ಯರ ಬಳಿ ಬರುವುದು ಬರಿಯ ಖಿನ್ನತೆಯೆಂದು. ಹಿಂದೆ ಎಂದೋ ಆಗಿದ್ದ ಉನ್ಮಾದವನ್ನು ‘ಆಗ ಚೆನ್ನಾಗಿದ್ದೆ’ ಎಂದುಕೊಂಡು ಹೇಳುವುದೇ ಇಲ್ಲ. ನಿಜವಾದ ಹೆಸರು ಗೊತ್ತಾಗುವ ವೇಳೆಗೆ ಎಷ್ಟೋ ವರ್ಷಗಳು ಸಂದಿರುತ್ತವೆ. ಈ ತಪ್ಪು ಕೇವಲ ಹೆಸರಿನದಲ್ಲ. ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಕೆಲವರಲ್ಲಿ ಅದೇ ಉನ್ಮಾದವನ್ನು ಎಬ್ಬಿಸುತ್ತದೆ.

ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಈ ಕಾಯಿಲೆ ವಂಶದಲ್ಲಿ ಹರಿಯುತ್ತದೆಂಬುದು ನಿಜ. ಅವಳಿ ಮಕ್ಕಳ ಅಧ್ಯಯನಗಳಿಂದ ಇದು ಖಚಿತವಾಗಿದೆ. ಸಾಮಾನ್ಯ ಜನರಲ್ಲಿ ತೀವ್ರ ಬಗೆಯ ಕಾಯಿಲೆ ನೂರರಲ್ಲಿ ಒಬ್ಬರಿಗೆ ಬರಬಹುದಾದರೆ, ತಾಯಿಗೋ ತಂದೆಗೋ ಅದು ಇದ್ದಲ್ಲಿ ಮಗುವಿಗೆ ಬರುವ ಸಂಭವ ಹತ್ತರಲ್ಲಿ ಒಂದರಷ್ಟು. ಹತ್ತು ಪಟ್ಟು ಎಂದರೆ ಬೆಚ್ಚಿಬೀಳುವಂತಿದೆಯಲ್ಲವೆ? ಇದೇ ಸಂಖ್ಯೆಯನ್ನು ಇನ್ನೊಂದು ಕಡೆಯಿಂದ ಓದಿದರೆ, ಅಂತಹ ಹತ್ತು ಮಕ್ಕಳಲ್ಲಿ ಒಂಬತ್ತು ಮಂದಿಗೆ ಈ ಕಾಯಿಲೆ ಬರುವುದಿಲ್ಲ. ಅವರಲ್ಲಿ ಕೆಲವರಿಗೆ ಬರಿಯ ಖಿನ್ನತೆ ಕಾಣಿಸಬಹುದು. ಆ ಸಂಭವವೂ ಇತರರಿಗಿಂತ ಹೆಚ್ಚು. ಆದರೆ ‘ಬಂದೇ ಬರುತ್ತದೆ’ ಎಂಬುದು ಸುಳ್ಳು.

ಹೀಗಾಗುವುದೇಕೆಂದರೆ ಇದು ಒಂದು ಜೀನಿನ ಕೆಲಸವಲ್ಲ. ಒಂದೂವರೆ ಲಕ್ಷಕ್ಕೂ ಹೆಚ್ಚು ರೋಗಿಗಳ ವಂಶವಸ್ತುವನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಒಂದು ಅಂತರರಾಷ್ಟ್ರೀಯ ಅಧ್ಯಯನ ಈ ಕಾಯಿಲೆಗೆ ಸಂಬಂಧಪಟ್ಟ 298 ಸ್ಥಾನಗಳನ್ನು ಗುರುತಿಸಿದೆ. ಒಂದೊಂದರ ಪ್ರಭಾವವೂ ಅತ್ಯಲ್ಪ. ಇಸ್ಪೀಟಿನ ಕಟ್ಟನ್ನು ಕಲೆಸಿ ಹಂಚಿದಂತೆ ತಾಯಿಯಿಂದ ಕೆಲವು ಎಲೆ, ತಂದೆಯಿಂದ ಕೆಲವು ಎಲೆ ಮಗುವಿನ ಕೈಗೆ ಬರುತ್ತವೆ. ತಾಯಿಯ ಕೈಯೇ ಹಾಗೆಯೇ ಬರುವುದಿಲ್ಲ.

ಕೈಗೆ ಬಂದ ಎಲೆಗಳ ಜೊತೆಗೆ ಆಟ ನಡೆಯುವ ಮನೆಯನ್ನೂ ನೋಡಬೇಕು. ದ್ವಿಧ್ರುವ ವ್ಯಾಧಿಯವರನ್ನೂ ಇತರರನ್ನೂ ಹೋಲಿಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದರ ಪ್ರಕಾರ, ಬಾಲ್ಯದಲ್ಲಿ ಹಿಂಸೆ, ಅಲಕ್ಷ್ಯ ಮೊದಲಾದ ಕಷ್ಟಗಳನ್ನು ಉಂಡಿರುವ ಸಂಭವ ರೋಗಿಗಳಲ್ಲಿ ಎರಡೂವರೆ ಪಟ್ಟಿಗಿಂತಲೂ ಹೆಚ್ಚು. ಅಂತಹವರಲ್ಲಿ ಕಾಯಿಲೆ ಬೇಗ ತಲೆದೋರುತ್ತದೆ, ಮತ್ತೆ ಮತ್ತೆ ಮರುಕಳಿಸುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು. ಜೊತೆಯಲ್ಲಿ ಕಂಡುಬಂದುದೆಲ್ಲ ಕಾರಣವಲ್ಲ. ಕಾಯಿಲೆಯ ತಾಯಿಯ ಮನೆಯಲ್ಲಿ ಕಷ್ಟವೂ ಹೆಚ್ಚಾಗಿರಬಹುದು, ಜೀನುಗಳೂ ಅವಳವೇ ಆಗಿರಬಹುದು. ಇವೆರಡನ್ನು ಬಿಡಿಸಿ ನೋಡುವುದು ಸುಲಭವಲ್ಲ. ಮೆಂಡೆಸ್ ಅವರ ವಿಷಯದಲ್ಲಿ ಯಾವುದರ ಪಾಲೆಷ್ಟು ಎಂದು ಯಾರೂ ಹೇಳಲಾರರು. ಬಡತನ, ಸ್ಥಿರವಿಲ್ಲದ ಮನೆ, ಚಿಕಿತ್ಸೆಯಿಲ್ಲದ ತಾಯಿ, ತಾಯಿಯಿಂದ ಬಂದ ಜೀನು, ಎಲ್ಲವೂ ಒಂದೇ ಹುಡುಗಿಯ ಪಾಲಿಗೆ ಬಂದಿದ್ದುವು. ಆದರೂ ಒಂದು ಮಾತು ಹೇಳಲೇಬೇಕೆನಿಸುತ್ತದೆ. ಇಂತಹ ಮನೆಗಳಲ್ಲಿ ಜನ ತಾಯಿಯನ್ನು ದೂರುತ್ತಾರೆ. ಮೆಂಡೆಸ್ ಅವರ ತಾಯಿಗೆ ಹತ್ತು ವರ್ಷ ಮೊದಲೇ ವೈದ್ಯರು ದೊರೆತಿದ್ದರೆ ಕಷ್ಟಗಳಲ್ಲಿ ಒಂದಾದರೂ ಕಡಿಮೆಯಾಗುತ್ತಿತ್ತು. ತಾಯಿಯ ಚಿಕಿತ್ಸೆ ಮಗುವಿನ ರಕ್ಷಣೆಯೂ ಹೌದು.

ಕಣಕ್ಕೆ ಹಿಂದಿರುಗೋಣ. 2009ರಲ್ಲಿ ಅಮೆರಿಕದ ಅತ್ಯಂತ ದೊಡ್ಡ ಕುಸ್ತಿ ಸಂಸ್ಥೆ ಮೆಂಡೆಸ್ ಅವರನ್ನು ಫ್ಲಾರಿಡಾದ ತನ್ನ ತರಬೇತಿ ತಂಡಕ್ಕೆ ಸೇರಿಸಿಕೊಂಡಿತು. 2011ರಲ್ಲಿ ಮುಖ್ಯ ತಂಡಕ್ಕೆ ಏರಿಸಿತು. ಆಗ ಹೆಂಗಸರ ಪಂದ್ಯಗಳಿಗೆ ಕೆಲವೇ ನಿಮಿಷಗಳ ಅವಕಾಶ; ಎತ್ತರದ ಚೆಲುವೆಯರಿಗೇ ಹೆಚ್ಚು ಮರ್ಯಾದೆ. ಕುಳ್ಳಗಿನ ಈ ಹುಡುಗಿ ಗಂಡುಹುಡುಗರಂತೆ ಬಟ್ಟೆಯ ಬೂಟು, ತುಂಡು ಜೀನ್ಸ್ ಹಾಕಿಕೊಂಡು ಬಂದರು. 2012ರಲ್ಲಿ ಬರಹಗಾರರು ಆಕೆಗೆ ಕೊಟ್ಟ ಪಾತ್ರ ಯಾವುದು ಗೊತ್ತೆ? ಹುಚ್ಚು ಹುಡುಗಿ!

ಆ ವರ್ಷದ ಆಟಗಳನ್ನು ಈಗ ನೋಡಿದರೆ ಮನಸ್ಸಿಗೆ ಒಂದು ಬಗೆಯಾಗುತ್ತದೆ. ಆಕೆ ಕಣದ ಸುತ್ತ ಕುಣಿಯುತ್ತ ಜಿಗಿಯುತ್ತ ಬರುತ್ತಾರೆ. ನಗಬಾರದ ಕಡೆ ನಗುತ್ತಾರೆ. ಇಂದು ಒಬ್ಬನನ್ನು ಪ್ರೀತಿಸಿ ನಾಳೆ ಇನ್ನೊಬ್ಬನನ್ನು ಅಪ್ಪುತ್ತಾರೆ. 2012ರ ಜುಲೈ 23ರಂದು ಕಣದಲ್ಲಿಯೇ ಮದುವೆಯ ಮಂಟಪ ಕಟ್ಟಿದರು. ವಧುವಿನ ಉಡುಪಿನಲ್ಲಿ ಬಂದ ಆಕೆ ವರನಾಗಿದ್ದ ಡೇನಿಯಲ್ ಬ್ರಯನ್ ಅವರನ್ನು ಅಲ್ಲಿಯೇ ಬಿಟ್ಟು, ಆ ಸಾಪ್ತಾಹಿಕ ಕಾರ್ಯಕ್ರಮದ ವ್ಯವಸ್ಥಾಪಕಿಯಾಗಿ ಮೆರೆದರು. ಜನ ಕೇಕೆ ಹಾಕಿದರು. ತಾವು ನೋಡುತ್ತಿರುವ ನಟಿಗೆ ನಿಜವಾಗಿಯೂ ಮನೋವ್ಯಾಧಿ ಉಂಟೆಂದು, ಅದಕ್ಕೂ ತಮ್ಮ ಮುಂದಿನ ಕುಣಿತಕ್ಕೂ ಸಂಬಂಧವೇ ಇಲ್ಲವೆಂದು, ಆ ಸಾವಿರಾರು ಮಂದಿಯಲ್ಲಿ ಎಷ್ಟು ಜನಕ್ಕೆ ತಿಳಿದಿತ್ತು?

ನಮ್ಮ ಮಿತ್ರರಾದ ವೈದ್ಯರಿಗೆ ಆ ದೃಶ್ಯಗಳಲ್ಲಿ ಒಂದನ್ನು ತೋರಿಸಿದೆವು. ಅವರು ಎರಡು ನಿಮಿಷ ನೋಡಿ, “ಈಕೆ ಬಹಳ ಒಳ್ಳೆಯ ನಟಿ. ಆದರೆ ಇದು ಯಾವ ಕಾಯಿಲೆಯೂ ಅಲ್ಲ” ಎಂದರು. ವೇದಿಕೆಯ ಹುಚ್ಚಿಗೆ ನೋಡುವವರು ಬೇಕು. ನಿಜವಾದ ಕಾಯಿಲೆ ಯಾರೂ ನೋಡದ ರಾತ್ರಿ ಮೂರು ಗಂಟೆಯಲ್ಲಿ ನಡೆಯುತ್ತದೆ. ಇಂತಹ ಪಾತ್ರಗಳು ನಮ್ಮ ಸಿನಿಮಾಗಳಲ್ಲಿಯೂ ಕಡಿಮೆಯೇನಲ್ಲ. ಕೆದರಿದ ತಲೆಗೂದಲು, ವಿಕಟವಾದ ನಗು. ಹುಚ್ಚೆಂದರೆ ಹಾಗಿರುತ್ತದೆಂದು ನಂಬಿದವನು, ಮೂರು ವಾರ ಮಾತಿಲ್ಲದೆ ಗೋಡೆಯ ಕಡೆ ಮುಖಮಾಡಿ ಮಲಗಿದ ತನ್ನ ತಂಗಿಗೆ ವೈದ್ಯರು ಬೇಕೆಂಬುದನ್ನು ಹೇಗೆ ಅರಿತಾನು?

ಮೆಂಡೆಸ್ ಆ ಪಾತ್ರವನ್ನು ತಿರಸ್ಕರಿಸಲಿಲ್ಲ. ಅದರ ಮೇಲೆಯೇ ಹತ್ತಿ ಮೇಲೆ ಹೋದರು. 2013ರ ಜೂನ್ 16ರಂದು ಹೆಂಗಸರ ಪ್ರಶಸ್ತಿಯನ್ನು ಗೆದ್ದು 295 ದಿನ ಉಳಿಸಿಕೊಂಡರು. ಅಂದಿಗೆ ಅದೊಂದು ದಾಖಲೆ. ಒಟ್ಟು ಮೂರು ಬಾರಿ ಆ ಪ್ರಶಸ್ತಿ ಅವರದಾಯಿತು. 2015ರ ಫೆಬ್ರವರಿಯಲ್ಲಿ ಹೆಂಗಸರಿಗೆ ಕೊಡುತ್ತಿದ್ದ ಕಡಿಮೆ ಸಂಬಳದ ವಿಷಯವನ್ನು ಬಹಿರಂಗವಾಗಿ ಎತ್ತಿದರು. ಏಪ್ರಿಲ್ 3ರಂದು ನಿವೃತ್ತರಾದರು. ಗೆಲುವೆಲ್ಲ ಬರಹಗಾರರು ಬರೆದುದೇ ಅಲ್ಲವೆ ಎಂದು ಓದುಗರು ಕೇಳಬಹುದು. ಹೌದು, ಆದರೆ ಅಷ್ಟು ದಿನ ಜನರ ಕಣ್ಣು ತನ್ನ ಮೇಲಿರುವಂತೆ ಮಾಡಬಲ್ಲವರಿಗೆ ಮಾತ್ರ ಅವರು ಹಾಗೆ ಬರೆಯುವುದು.

ಆ ವೃತ್ತಿಯ ದಿನಚರಿಯನ್ನೂ ಸ್ವಲ್ಪ ಗಮನಿಸಬೇಕು. ವಾರದಲ್ಲಿ ನಾಲ್ಕೈದು ದಿನ ಊರಿಂದೂರಿಗೆ ಪ್ರಯಾಣ. ರಾತ್ರಿ ಪಂದ್ಯ ಮುಗಿಸಿ ಕಾರಿನಲ್ಲಿ ನೂರಾರು ಮೈಲಿ. ಗೊತ್ತಾದ ಹೊತ್ತಿನಲ್ಲಿ ಊಟವಿಲ್ಲ, ನಿದ್ರೆಯಿಲ್ಲ. ದ್ವಿಧ್ರುವ ವ್ಯಾಧಿಯವರಿಗೆ ನಿದ್ರಾಭಂಗ ಬರಿಯ ದಣಿವಿನ ಪ್ರಶ್ನೆಯಲ್ಲ, ಅದೇ ಉನ್ಮಾದವನ್ನು ಹೊತ್ತಿಸುವ ಕಿಡಿಯಾಗಬಹುದು. ವೈದ್ಯರು ಔಷಧದಷ್ಟೇ ಒತ್ತಿ ಹೇಳುವುದು ದಿನವೂ ಒಂದೇ ಹೊತ್ತಿಗೆ ಮಲಗಿ ಒಂದೇ ಹೊತ್ತಿಗೆ ಏಳಬೇಕೆಂದು. ಇದನ್ನು ಓದುವ ವಿದ್ಯಾರ್ಥಿಗಳು ಪರೀಕ್ಷೆಯ ಕಾಲದಲ್ಲಿ ತಾವು ಮಾಡುವುದನ್ನು ನೆನೆದುಕೊಳ್ಳಬಹುದು.

ಮೆಂಡೆಸ್ ಯಾವ ಔಷಧ ತೆಗೆದುಕೊಳ್ಳುವರೆಂಬುದು ಅವರಿಗೂ ಅವರ ವೈದ್ಯರಿಗೂ ಸೇರಿದ ವಿಷಯ. ಆದರೆ ಈ ಕಾಯಿಲೆಯ ಅತ್ಯಂತ ಹಳೆಯ, ಇಂದಿಗೂ ಸರಿಸಾಟಿಯಿಲ್ಲದ ಔಷಧವೊಂದು ನಮ್ಮ ಶಾಸ್ತ್ರದ ಎಲ್ಲೆಯೊಳಗೇ ಬರುವುದರಿಂದ ಅದರ ಬಗ್ಗೆ ನಾಲ್ಕು ಮಾತು ಹೆಚ್ಚಾಗಿ ಹೇಳಿದರೆ ವಾಚಕರು ಮನ್ನಿಸಬೇಕು. ಅದು ಲಿಥಿಯಂ. ಮೂಲವಸ್ತುಗಳ ಪಟ್ಟಿಯಲ್ಲಿ ಮೂರನೆಯದು; ಲೋಹಗಳಲ್ಲೆಲ್ಲ ಹಗುರ. ವಿಶ್ವ ಹುಟ್ಟಿದ ಮೊದಲ ಕೆಲವು ನಿಮಿಷಗಳಲ್ಲಿಯೇ ಜಲಜನಕ, ಹೀಲಿಯಂಗಳ ಜೊತೆಗೆ ಚಿಟಿಕೆಯಷ್ಟು ಲಿಥಿಯಂ ಕೂಡ ಹುಟ್ಟಿತು. ಹುಡುಗರು ಕುಸ್ತಿ ನೋಡುತ್ತಿದ್ದ ಮೊಬೈಲಿನ ಬ್ಯಾಟರಿಯಲ್ಲಿಯೂ ಅದೇ ಇದೆ.

ಅದನ್ನು ಉನ್ಮಾದಕ್ಕೆ ಔಷಧವಾಗಿ ಕಂಡವರು ಆಸ್ಟ್ರೇಲಿಯಾದ ಜಾನ್ ಕೇಡ್. ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಲ್ಲಿದ್ದು ಬಂದ ಈ ವೈದ್ಯರು ಮೆಲ್ಬರ್ನಿನ ಬಂಡೂರಾ ಎಂಬಲ್ಲಿ ಮಾಜಿ ಯೋಧರ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರು. ಉನ್ಮಾದದ ರೋಗಿಗಳ ಮೂತ್ರದಲ್ಲಿ ಯಾವುದೋ ವಿಷವಿರಬೇಕೆಂಬುದು ಅವರ ಊಹೆ. ಆ ಊಹೆ ತಪ್ಪು. ಅದನ್ನು ಪರೀಕ್ಷಿಸಲು ಯೂರಿಕ್ ಆಮ್ಲವನ್ನು ಗಿನಿಯಿಲಿಗಳಿಗೆ ಚುಚ್ಚಬೇಕಾಗಿತ್ತು. ಅದು ನೀರಿನಲ್ಲಿ ಸುಲಭವಾಗಿ ಕರಗದು, ಅದರ ಲಿಥಿಯಂ ಲವಣ ಕರಗುತ್ತದೆ. ಕೇವಲ ಕರಗುತ್ತದೆಂಬ ಕಾರಣಕ್ಕೆ ಲಿಥಿಯಂ ಬಳಸಿದರು. ಗಿನಿಯಿಲಿಗಳು ಶಾಂತವಾಗಿ ಬಿದ್ದುಕೊಂಡುವು. ಕೇಡ್ ತಾವೇ ಅದನ್ನು ಸೇವಿಸಿ ನೋಡಿ, 1948ರಲ್ಲಿ ಐದು ವರ್ಷಗಳಿಂದ ಉನ್ಮಾದದಲ್ಲಿದ್ದ ರೋಗಿಯೊಬ್ಬನಿಗೆ ಕೊಟ್ಟರು. ಆತ ಕೆಲವೇ ತಿಂಗಳುಗಳಲ್ಲಿ ಮನೆಗೆ ಹೋದನು. ಇದರ ವರದಿ ಪ್ರಕಟವಾದುದು 1949ರಲ್ಲಿ. ಕಥೆ ಇಲ್ಲಿಗೇ ಸುಖವಾಗಿ ಮುಗಿಯುವುದಿಲ್ಲ. ಅದೇ ವರ್ಷ ಅಮೆರಿಕದಲ್ಲಿ ಉಪ್ಪಿನ ಬದಲಿಗೆ ಲಿಥಿಯಂ ಲವಣವನ್ನು ಮನಬಂದಂತೆ ಬಳಸಿದ ಹೃದ್ರೋಗಿಗಳಲ್ಲಿ ಕೆಲವರು ಸತ್ತರು. ಮರುವರ್ಷ ಕೇಡರ ಆ ಮೊದಲ ರೋಗಿಯೂ ಲಿಥಿಯಂ ವಿಷವೇರಿ ಸತ್ತನು. ಔಷಧಕ್ಕೂ ವಿಷಕ್ಕೂ ನಡುವೆ ಇಲ್ಲಿ ಅಷ್ಟು ಕಿರಿದಾದ ಜಾಗ. ಇಂದು ವೈದ್ಯರು ರಕ್ತದಲ್ಲಿ ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲಿನೊಳಗೆ ಅದನ್ನು ನಿಲ್ಲಿಸುತ್ತಾರೆ, 1.5 ದಾಟಿದರೆ ಅಪಾಯ.

ಈ ಕಿರಿದಾದ ಜಾಗದಲ್ಲಿ ನಡೆಯಲು ದಾರಿ ತೋರಿಸಿದುದು ಒಂದು ಭೌತಶಾಸ್ತ್ರದ ಉಪಕರಣ. ಲಿಥಿಯಂ ಲವಣವನ್ನು ಜ್ವಾಲೆಗೆ ಹಿಡಿದರೆ ಕಡುಗೆಂಪು ಬೆಳಕು ಹೊಮ್ಮುತ್ತದೆ. ಅದರ ತರಂಗದೂರ 670.8 ನ್ಯಾನೋಮೀಟರು. ರಕ್ತದ ದ್ರವವನ್ನು ಜ್ವಾಲೆಗೆ ಸಿಂಪಡಿಸಿ ಈ ಕೆಂಪಿನ ಪ್ರಖರತೆಯನ್ನು ಅಳೆದರೆ ಎಷ್ಟು ಲಿಥಿಯಂ ಇದೆಯೆಂದು ತಿಳಿಯುವುದು. ಮೆಲ್ಬರ್ನಿನ ನೋಯಾಕ್ ಮತ್ತು ಟ್ರಾಟ್ನರ್ ಎಂಬವರು ಈ ಜ್ವಾಲಾ ದ್ಯುತಿಮಾಪಕದಿಂದ ರೋಗಿಗಳ ರಕ್ತವನ್ನು ಅಳೆದು 1951ರಲ್ಲಿ ವರದಿ ಮಾಡಿದರು. ಡೆನ್ಮಾರ್ಕಿನ ಮೊಗೆನ್ಸ್ ಸ್ಕೌ 1954ರಲ್ಲಿ ಕಟ್ಟುನಿಟ್ಟಾದ ಪರೀಕ್ಷೆಯಿಂದ ಔಷಧದ ಗುಣವನ್ನು ಸ್ಥಿರಪಡಿಸಿದರು. ಅಮೆರಿಕ ಒಪ್ಪಿದುದು 1970ರಲ್ಲಿ. ಇಂದು ಅಳೆಯುವ ಉಪಕರಣ ಬೇರೆಯಾಗಿದೆ, ಅಳತೆಯ ಅಗತ್ಯ ಹಾಗೆಯೇ ಇದೆ. ದೇಹದಲ್ಲಿ ನೀರು, ಉಪ್ಪು ಕಡಿಮೆಯಾದರೆ ಮೂತ್ರಪಿಂಡಗಳು ಲಿಥಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತವೆ. ನೋವಿಗೆ ನಾವು ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್ ಮಾತ್ರೆಯಿಂದಲೂ ಅದರ ಪ್ರಮಾಣ ಏರುತ್ತದೆ. ಬೆವರು, ನೋವು ಎರಡೂ ದಿನನಿತ್ಯದ್ದಾದ ಕುಸ್ತಿಗಾರರಿಗೂ, ಬೇಸಗೆಯಲ್ಲಿ ಹೊಲದಲ್ಲಿ ದುಡಿಯುವ ನಮ್ಮ ಕಡೆಯ ರೋಗಿಗಳಿಗೂ ಇದು ಸಮಾನವಾಗಿ ಅನ್ವಯಿಸುತ್ತದೆ.

ನಮ್ಮ ದೇಶದ ಲೆಕ್ಕವೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಇನ್ನೂರು ವಯಸ್ಕರಲ್ಲಿ ಒಬ್ಬರು ಬಾಳಿನಲ್ಲಿ ಎಂದಾದರೂ ಈ ಕಾಯಿಲೆಗೆ ಸಿಕ್ಕಿದವರು. ಕಾಯಿಲೆಯವರಲ್ಲಿ ನೂರಕ್ಕೆ ಸುಮಾರು 70 ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಲಿಥಿಯಂ ದುಬಾರಿಯ ಔಷಧವೇನಲ್ಲ. ಕೊರತೆಯಿರುವುದು ಹೆಸರು ಹೇಳಬಲ್ಲ ವೈದ್ಯರದು, ಕೇಳಬಲ್ಲ ಮನೆಯವರದು.

ಮೆಂಡೆಸ್ ತಮ್ಮ ಆತ್ಮಕಥೆಯನ್ನು 2017ರ ಏಪ್ರಿಲಿನಲ್ಲಿ ಪ್ರಕಟಿಸಿದರು. ಹೆಸರು ‘ಕ್ರೇಜಿ ಈಸ್ ಮೈ ಸೂಪರ್‌ಪವರ್’, ಎಂದರೆ ಹುಚ್ಚೇ ನನ್ನ ಮಹಾಶಕ್ತಿ. ನಿಜ ಹೇಳಬೇಕೆಂದರೆ ಈ ಹೆಸರು ನಮಗೆ ಅಷ್ಟು ಹಿಡಿಸಲಿಲ್ಲ. ಕಾಯಿಲೆ ಶಕ್ತಿಯಲ್ಲ, ಹಾಗೆ ನಂಬಿ ಮಾತ್ರೆಯನ್ನು ಬಿಟ್ಟವರ ಕಷ್ಟವನ್ನು ನಮ್ಮ ಮಿತ್ರರು ಕಂಡಿದ್ದಾರೆ. ಆದರೆ ಬೇರೆಯವರು ತನ್ನ ಹಣೆಗೆ ಅಂಟಿಸಿದ ಮಾತನ್ನು ಕಿತ್ತು ತಾನೇ ಧ್ವಜದಂತೆ ಹಿಡಿಯುವ ಹಕ್ಕು ಆಕೆಗೆ ಉಂಟಷ್ಟೆ. ಐದು ವರ್ಷ ಮೊದಲು ಕಣದಲ್ಲಿ ಆಕೆಯನ್ನು ಹುಚ್ಚಿಯೆಂದು ಕೂಗಿದ ಜನರೇ ಪುಸ್ತಕವನ್ನು ಕೊಂಡು ಓದಿದರು. ಅನಂತರ ಆಕೆ ಚಿತ್ರಕಥೆಗಳನ್ನು ಬರೆದರು. ಜೊತೆಗಾರ್ತಿಯೊಡನೆ ಸೇರಿ ಬರೆದ ಸಿನಿಮಾವೊಂದು 2022ರಲ್ಲಿ ತೆರೆಕಂಡಿತು. ಮಾನಸಿಕ ಆರೋಗ್ಯದ ವಿಷಯವಾಗಿ ಅನೇಕ ಕಡೆ ಮಾತನಾಡಿದರು. ಕಾಯಿಲೆ ಗುಣವಾಯಿತೆಂದಲ್ಲ, ಅದು ಸಕ್ಕರೆ ಕಾಯಿಲೆಯಂತೆ ಬಾಳುದ್ದಕ್ಕೂ ಜೊತೆಗಿರುವಂಥದು.

ಮುಂದಿನ ವಾರ ಆ ಹುಡುಗ ತಪ್ಪದೆ ಬಂದನು. ನಾವು ಓದಿದುದನ್ನು ಹೇಳಿದೆವು. ಹತ್ತರಲ್ಲಿ ಒಂದು ಎಂದಾಗ ಮುಖ ಬಾಡಿತು. ಆಮೇಲೆ ತಾನೇ ಕಳೆಯುವ ಲೆಕ್ಕ ಮಾಡಿ, “ಹಾಗಾದರೆ ಒಂಬತ್ತು ಜನಕ್ಕೆ ಬರಲ್ಲ” ಎಂದನು. ಹೌದೆಂದೆವು. ಬಂದರೂ ಹೇಗೆ ಗುರುತಿಸಬೇಕೆಂದು ಹೇಳಿದೆವು. ನಿದ್ರೆಯ ಮಾತನ್ನು ಎರಡು ಸಲ ಹೇಳಿದೆವು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416ನ್ನು, ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದೆಂಬುದನ್ನು, ಅವನ ಪ್ರಯೋಗದ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಟ್ಟೆವು.

“ಅಮ್ಮನೂ ಅದೇ ಮಾತ್ರೆ ತಗೊಳ್ಳೋದು ಸಾರ್, ಲಿಥಿಯಂ” ಎಂದನು. ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಕರೆದುಕೊಂಡು ಹೋಗುವವನೂ ಅವನೇ. ಏಕೆ ಪರೀಕ್ಷಿಸುತ್ತಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ರಸಾಯನಶಾಸ್ತ್ರ ವಿಭಾಗದಿಂದ ಲಿಥಿಯಂ ಕ್ಲೋರೈಡಿನ ಸೀಸೆಯನ್ನು ಕೇಳಿ ತಂದೆವು. ಕಿಟಕಿಯ ಬಾಗಿಲು ಮುಚ್ಚಿ, ದೀಪ ಹೊತ್ತಿಸಿ, ಪ್ಲಾಟಿನಂ ತಂತಿಯ ತುದಿಗೆ ಒಂದು ಕಣವನ್ನು ಅಂಟಿಸಿ ಅವನ ಕೈಗೇ ಕೊಟ್ಟೆವು. ನೀಲಿ ಜ್ವಾಲೆಗೆ ತಂತಿ ತಾಗಿದೊಡನೆ ಕೆಂಪು ಎದ್ದಿತು. ತಂತಿ ಬರಿದಾಗುವವರೆಗೂ ನೋಡಿ, ಇನ್ನೊಮ್ಮೆ ಹಿಡಿಯಬಹುದೇ ಎಂದು ಕೇಳಿದನು.